ಕೈಮಾತಿನ ಚೀಟಿಗಳು

ನಮ್ಮ ಮನೆಯವರು ಲಿಫ್ಟ್ ರಿಪೇರಿ ಮಾಡುವವರು. ಕಲಿತದ್ದನ್ನು ಮರೆಯುವುದು ಅವರ ಲೆಕ್ಕದಲ್ಲಿ ಕಳ್ಳತನಕ್ಕಿಂತ ದೊಡ್ಡ ತಪ್ಪು. ಲೈಸೆನ್ಸ್ ಪರೀಕ್ಷೆಗೆ ಓದುವಾಗ ಯಾರೋ ಹೇಳಿಕೊಟ್ಟ ಉಪಾಯವೊಂದನ್ನು ಮದುವೆಯಾದ ಮೇಲೂ ಬಿಟ್ಟಿರಲಿಲ್ಲ. ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಐದು ಖಾನೆ. ಆ ದಿನ ಕಲಿತದ್ದನ್ನು ಚೀಟಿಯ ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ ಅಂತ ಬರೆದು ಮೊದಲ ಖಾನೆಗೆ ಹಾಕಬೇಕು. ಆಗಾಗ ತೆಗೆದು ತನ್ನನ್ನೇ ಕೇಳಿಕೊಂಡಾಗ ಉತ್ತರ ನೆನಪಿದ್ದರೆ ಚೀಟಿಗೆ ಮುಂದಿನ ಖಾನೆಗೆ ಬಡ್ತಿ. ಮರೆತರೆ ಎಲ್ಲಿದ್ದರೂ ಸರಿ, ಮತ್ತೆ ಮೊದಲ ಖಾನೆಗೆ. ಆ ಪೆಟ್ಟಿಗೆಯ ದಯೆಯಿಂದ ಒಂದೇ ಸಲಕ್ಕೆ ಪಾಸಾದವರು ಇವರು. ಆಮೇಲೆ ಕೇಳಬೇಕೇ? ಹಾಲಿನವನ ಫೋನ್ ನಂಬರಿಗೂ ಚೀಟಿ, ನಾನು ಹುಟ್ಟಿದ ದಿನಕ್ಕೂ ಚೀಟಿ. ನಾನು ಹುಟ್ಟಿದ ದಿನ ಎರಡು ಸಲ ಮೊದಲ ಖಾನೆಗೆ ವಾಪಸಾದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ನಮಗೆ ಒಬ್ಬಳೇ ಮಗಳು. ಕರೆಯುವುದು ಗುಬ್ಬಿ ಅಂತ. ಮೂರನೇ ಕ್ಲಾಸಿನಲ್ಲಿದ್ದಾಗ ಅವಳಿಗೆ ಕೆಟ್ಟ ಜ್ವರ ಬಂತು. ಜ್ವರ ಇಳಿಯಿತು, ಕಿವಿ ಹೋಯಿತು. ತನ್ನ ದನಿ ತನಗೇ ಕೇಳದೆ ಬರಬರುತ್ತಾ ಬಾಯಿಮಾತೂ ನಿಂತಿತು. ಡಾಕ್ಟರು ಕೈಚೆಲ್ಲಿದ ಮೇಲೆ ಅವಳನ್ನು ಕಿವುಡು ಮಕ್ಕಳ ಶಾಲೆಗೆ ಸೇರಿಸಿದೆವು. ಅಲ್ಲಿನ ಟೀಚರು ವಾರಕ್ಕೊಮ್ಮೆ ಅಪ್ಪ ಅಮ್ಮಂದಿರನ್ನು ಕೂರಿಸಿಕೊಂಡು ಕೈಮಾತು ಹೇಳಿಕೊಡುತ್ತಿದ್ದರು.

ನನ್ನ ತಲೆಯಲ್ಲಿ ಒಂದೂ ನಿಲ್ಲುತ್ತಿರಲಿಲ್ಲ. ಬಸ್ಸಿಳಿಯುವ ಹೊತ್ತಿಗೆ ಅರ್ಧ ಮರೆತಿರುತ್ತಿತ್ತು. ಉಳಿದರ್ಧವನ್ನು ಅಡುಗೆಮನೆಯಲ್ಲಿ ಗುಬ್ಬಿಯ ಮೇಲೆ ಪ್ರಯೋಗ ಮಾಡುತ್ತಿದ್ದೆ. ಹಾಲು ಕುಡಿ ಅನ್ನಲು ಹೋಗಿ ಕುರ್ಚಿ ಕುಡಿ ಅಂದುಬಿಟ್ಟೆ ಒಂದು ದಿನ. ಅವಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಉರುಳಾಡಿದಳು. ಆಮೇಲೆ ಎದ್ದು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಸರಿ ಮಾಡಿದಳು. ಕಿವಿ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇವರ ದಾರಿಯೇ ಬೇರೆ. ಕ್ಲಾಸಿನಿಂದ ಬಂದವರೇ ಚೀಟಿ ಹಿಡಿದು ಕೂರುತ್ತಿದ್ದರು. ಮುಂದೆ ಮಾತು, ಹಿಂದೆ ಕೈಯ ಚಿತ್ರ. ಚಿತ್ರವೋ, ಬಾಳೆಗೊನೆಯ ಹಾಗೆ. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಅಭ್ಯಾಸ. ಗುಬ್ಬಿ ಹೊರಗೆ ಬಾಗಿಲಿಗೆ ಒರಗಿ ಕೂತಿರುತ್ತಿದ್ದಳು.

"ಏನ್ರೀ ಇದು? ಮಗು ಇಲ್ಲೇ ಕೂತಿದೆ, ಬಂದು ಮಾತಾಡಬಾರದಾ?" ಅಂತ ನಾನು ರೇಗುತ್ತಿದ್ದೆ.

"ಇನ್ನೂ ಸರಿಯಾಗಿ ಬರಲ್ಲ ಕಣೇ. ತಪ್ಪು ತಪ್ಪು ಮಾತಾಡಿದ್ರೆ ಅವಳ ಮುಂದೆ ಏನು ಮರ್ಯಾದೆ ಉಳಿಯುತ್ತೆ? ಅರ್ಧ ರಿಪೇರಿಯಾದ ಲಿಫ್ಟಿಗೆ ಯಾರಾದ್ರೂ ಜನರನ್ನ ಹತ್ತಿಸ್ತಾರಾ? ಚೀಟಿ ಎಲ್ಲಾ ಕೊನೇ ಖಾನೆ ಸೇರಲಿ. ಆಮೇಲೆ ನೋಡು, ಹೇಗೆ ಮಾತಾಡ್ತೀನಿ."

ಮನುಷ್ಯ ಕೆಟ್ಟವರಲ್ಲ. ಅದೇ ನನ್ನ ಸಂಕಟ. ಕೆಟ್ಟವರಾಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ಗುಬ್ಬಿ ಶಾಲೆಯಿಂದ ಓಡಿ ಬಂದು ಅವರ ಅಂಗಿ ಜಗ್ಗಿ ಏನೋ ಹೇಳಿದರೆ, ನಕ್ಕು, ತಲೆಯಾಡಿಸಿ, ಕೆನ್ನೆ ತಟ್ಟಿ, ಸೀದಾ ಕೋಣೆಗೆ ಓಡುತ್ತಿದ್ದರು. ಅವಳ ಕೈಯಲ್ಲಿ ಕಂಡ ಹೊಸ ಸನ್ನೆಯನ್ನು ಮರೆಯುವ ಮೊದಲು ಚೀಟಿಗೆ ಇಳಿಸಬೇಕಲ್ಲ! ಅವಳು ಅಲ್ಲೇ ನಿಂತು ಮುಚ್ಚಿದ ಬಾಗಿಲು ನೋಡುತ್ತಿದ್ದಳು. ನಿಧಾನವಾಗಿ ಎಲ್ಲ ಸುದ್ದಿಯನ್ನೂ ನನ್ನ ಹತ್ತಿರವೇ ತರತೊಡಗಿದಳು. ಕೊನೆಗೆ ಅಪ್ಪನ ಅಂಗಿ ಜಗ್ಗುವುದನ್ನೇ ಬಿಟ್ಟಳು.

ಗುಬ್ಬಿ ಬೆಳೆದಳು. ಹಾಸ್ಟೆಲಿನಲ್ಲಿದ್ದು ಓದಿ, ಬೇರೆ ಊರಿನಲ್ಲಿ, ಹಲ್ಲಿನ ಸೆಟ್ಟು ತಯಾರಿಸುವ ಕಡೆ ಕೆಲಸಕ್ಕೆ ಸೇರಿದಳು. ಗೆಳತಿಯರ ನಡುವೆ ಅವಳ ಕೈ ಎಷ್ಟು ಚುರುಕಾಯಿತೆಂದರೆ, ರಜೆಗೆ ಬಂದಾಗ ನಾನೇ ತಡಿಯೇ ತಡಿಯೇ ಅನ್ನಬೇಕಾಗುತ್ತಿತ್ತು.

ಮೊನ್ನೆ ಭಾನುವಾರ ಬಂದಿದ್ದಳು. ಮಧ್ಯಾಹ್ನ ಕಿಟಕಿಯ ಪಕ್ಕ ಕೂತು, ವಾಪಸು ಹೋಗಲು ಬಟ್ಟೆ ಮಡಚುತ್ತಿದ್ದಳು. ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೋಣೆಯಿಂದ ಹೊರಗೆ ಬಂದರು. "ಕೊನೇ ಚೀಟಿನೂ ಐದನೇ ಖಾನೆಗೆ ಹೋಯ್ತು ಕಣೇ," ಅಂದರು ನನಗೆ ಮೆಲ್ಲಗೆ. ಹೋಗಿ ಅವಳ ಎದುರು ನಿಂತರು.

ಕೈ ಎತ್ತಿ ಶುರು ಮಾಡಿದರು ನೋಡಿ. ಕೆಲಸ ಹೇಗಿದೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಮನೆ ಓನರು ಒಳ್ಳೆಯವರಾ, ರಸ್ತೆಯಲ್ಲಿ ಒಬ್ಬಳೇ ನಡೆಯುವಾಗ ಹಿಂದೆ ಬರುವ ಗಾಡಿ ಕೇಳಿಸುವುದಿಲ್ಲವಲ್ಲ, ನನಗೆ ದಿನಾ ಅದೇ ಭಯ. ಒಂದು ಬೆರಳೂ ತಪ್ಪಲಿಲ್ಲ. ಅಷ್ಟು ಚೊಕ್ಕ ಕೈಮಾತನ್ನು ನಾನು ಆ ಟೀಚರ ಹತ್ತಿರವೂ ನೋಡಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಗುಬ್ಬಿಯ ತೊಡೆಯಿಂದ ಬಟ್ಟೆ ಜಾರಿ ನೆಲಕ್ಕೆ ಬಿತ್ತು. ಆಮೇಲೆ ಅವಳ ಕೈ ಶುರುವಾಯಿತು. ಇವರು ನಕ್ಕರು, ತಲೆಯಾಡಿಸಿದರು. ಅದೇ ಹಳೆಯ ತಲೆಯಾಡಿಸುವಿಕೆ. ಆಗ ನನಗೆ ಹೊಳೆಯಿತು. ಅಷ್ಟು ವರ್ಷ ಇವರು ಚೀಟಿಯ ಮೇಲಿನ ಮಾತು ನೋಡಿ ಕೈ ಆಡಿಸುವುದನ್ನಷ್ಟೇ ಕಲಿತಿದ್ದರು. ಇನ್ನೊಬ್ಬರ ಕೈ ನೋಡಿ ಮಾತು ತಿಳಿಯಲು ಆ ಕೋಣೆಯಲ್ಲಿ ಇನ್ನೊಬ್ಬರು ಯಾರಿದ್ದರು?

"ಏನಂತಾಳೆ? ಸ್ವಲ್ಪ ಹೇಳೇ," ಅಂದರು ಇವರು, ಅವಳ ಕೈಯಿಂದ ಕಣ್ಣು ತೆಗೆಯದೆ.

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ಇಷ್ಟೆಲ್ಲಾ ಬರುತ್ತಿತ್ತಾ ನಿಂಗೆ ಅಂತ ಕೇಳ್ತಿದಾಳೆ. ಕಿವುಡಿ ಮಗಳ ಜೊತೆ ಕೈಯಾಡಿಸಿ ಮಾತಾಡೋಕೆ ಅಪ್ಪಂಗೆ ನಾಚಿಕೆ ಅಂತ ಚಿಕ್ಕೋಳಿದ್ದಾಗಿಂದ ಅಂದ್ಕೊಂಡಿದ್ಳಂತೆ. ಅದಕ್ಕೇ ನಿಮ್ಮ ಹತ್ತಿರ ಬರೋದು ಬಿಟ್ಳಂತೆ."

ಇವರು ನನ್ನ ಕಡೆ ತಿರುಗಿದರು. "ಅಯ್ಯೋ, ಇಲ್ಲ ಅಂತ ಹೇಳೇ ಅವಳಿಗೆ."

"ನೀವೇ ಹೇಳ್ರಿ. ನಿಮಗೆ ಬರುತ್ತಲ್ಲ," ಅಂದೆ.

ಅವರು ಕೈ ಎತ್ತಿದರು. ಅಷ್ಟರಲ್ಲಿ ಗುಬ್ಬಿ ಕಣ್ಣೊರೆಸಿಕೊಳ್ಳುತ್ತಾ ಕಿಟಕಿಯ ಕಡೆ ತಿರುಗಿಬಿಟ್ಟಿದ್ದಳು. ಅವಳು ನೋಡದಿದ್ದರೆ ಎಷ್ಟು ಚೆನ್ನಾಗಿ ಹೇಳಿದರೂ ಏನೂ ಮುಟ್ಟುವುದಿಲ್ಲ. ಭುಜ ಮುಟ್ಟಿ ಕರೆಯಬೇಕು. ಅವಳ ಜೊತೆ ಒಂದು ವಾರ ಮಾತಾಡಿದವರಿಗೂ ಅದು ತಾನಾಗಿ ಬರುತ್ತದೆ.

ಇವರು ಎತ್ತಿದ ಕೈ ಹಾಗೇ ಹಿಡಿದುಕೊಂಡು, ಅವಳ ಬೆನ್ನಿನ ಹಿಂದೆ ನಿಂತು, ದನಿ ಏರಿಸಿ ಕೂಗಿದರು.

"ಗುಬ್ಬೀ... ಏ ಗುಬ್ಬೀ... ಇಲ್ಲಿ ನೋಡಮ್ಮಾ..."