ಬ್ಯಾಗ್ ತೊಡೆಯ ಮೇಲಿಟ್ಟುಕೊಂಡ ಹುಡುಗಿ

ಎಲ್ಲಿಂದ ಶುರು ಮಾಡಲಿ? ಸಿಂದಗಿಯ ಒಂದು ಹೈಸ್ಕೂಲು, ಕೊನೆಯ ಪಿರಿಯಡ್ಡು, ಮಾಳಿಂಗಪ್ಪ ಸರ್ ವಿಜ್ಞಾನ ಹೇಳುತ್ತಿದ್ದಾರೆ ಎಂದರೆ ನೀವು ಆಗಲೇ ಆಕಳಿಸುತ್ತೀರಿ. (ಆಕಳಿಸಿ. ನಿಮಗೆ ಆಸಕ್ತಿಯಿಲ್ಲ ಎಂದು ಸರ್ ತೀರ್ಮಾನಿಸುತ್ತಾರೆ, ಅಷ್ಟೆ.)

೧
ಜಿಲ್ಲಾ ವಿಜ್ಞಾನ ಶಿಬಿರಕ್ಕೆ ಶಾಲೆಯಿಂದ ಒಬ್ಬರೇ ಹೋಗಬಹುದು. ಇವತ್ತು ಗಂಟೆ ಹೊಡೆಯುವುದರೊಳಗೆ ಸರ್ ಹೆಸರು ಹೇಳಬೇಕು.

ಸರ್ ಆಸಕ್ತಿಯನ್ನು ಕಣ್ಣಳತೆಯಲ್ಲೇ ಅಳೆಯುವವರು. ಮುಂದಿನ ಬೆಂಚಿನ ಸಂಗಮೇಶ ಪ್ರತಿ ಮಾತಿಗೂ ತಲೆಯಾಡಿಸುತ್ತಾನೆ. ಸರ್ ಕೆಮ್ಮಿದಾಗಲೂ ಆಡಿಸಿದ್ದುಂಟು. ಬಾಗಿಲ ಪಕ್ಕದ ಪ್ರಜ್ಞಾ ಪಾಠ ಮುಗಿಯುವ ಮೊದಲೇ ಪುಸ್ತಕ ತುಂಬಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ. ಅವಳೂರಿಗೆ ಹೋಗುವ ಮೋರಟಗಿ ಬಸ್ಸು ಯಾರಿಗೂ ಕಾಯುವುದಿಲ್ಲ.

"ಮೈ ಇಲ್ಲಿ ಐತಿ, ಮನಸ್ಸು ಆಗಲೇ ಮನಿ ಮುಟ್ಟೇತಿ," ಎಂದು ಸರ್ ಸ್ಟಾಫ್‌ರೂಮಿನಲ್ಲಿ ನಗುತ್ತಾರೆ.

(ಹೋದ ವಾರ ವಿಜಯಪುರದಲ್ಲಿ 'ಮಕ್ಕಳ ಮೋಟಿವೇಶನ್' ಬಗ್ಗೆ ಶಿಕ್ಷಕರಿಗೆ ತರಬೇತಿಯಿತ್ತು. ಕೊನೆಯ ಭಾಷಣವನ್ನು ಸರ್ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡೇ ಕೇಳಿದರು. ಸಿಂದಗಿ ಬಸ್ಸಿತ್ತಲ್ಲ.)

೨
ಈ ಕಥೆಯ ಮೊದಲ ಡ್ರಾಫ್ಟಿನಲ್ಲಿ ಸರ್ ಖಳನಾಯಕ. ಅವರೇ ತಡೆದರು.

"ಮೇಡಂ, ಕ್ಲಾಸ್ ತುಂಬ ತಲಿ ಅದಾವ. ಎಲ್ಲಾರ ಮನಸಿನೊಳಗ ಹೊಕ್ಕು ನೋಡಾಕ ನಾ ಏನ್ ಕಥಿ ಬರಿಯಾಕತ್ತೇನೇನ್ರಿ?"

ಹರಿದು ಹಾಕಿದೆ.

೩
ಎರಡನೆಯದರಲ್ಲಿ ಪ್ರಜ್ಞಾ ಯಾರೂ ಗುರುತಿಸದ ಜೀನಿಯಸ್. ಎಲ್ಲ ಪ್ರಶ್ನೆಗೂ ಪಟಪಟನೆ ಉತ್ತರ. ಹುಡುಗಿ ಮುಖ ಸಿಂಡರಿಸಿದಳು.

"ಬ್ಯಾಡ್ರಿ ಅಕ್ಕಾರ. ನಂಗ ಅರ್ಧಾ ಪಾಠ ತಿಳಿಯೂದಿಲ್ಲ. ಅದಕ್ಕ ಶಿಬಿರಕ್ಕ ಹೋಗಬೇಕಂತೇನಿ. ಉತ್ತರ ಗೊತ್ತಿದ್ದವರಿಗೆ ಅಷ್ಟ ಆಸಕ್ತಿ ಇರ್ತೈತೇನ್ರಿ?"

(ಸರ್ ಮಾಡಿದ ತಪ್ಪನ್ನು ತೋರಿಸಹೊರಟವಳು ನಾನು. ನಾನೂ ಇವಳನ್ನು ಏನೂ ಕೇಳಿರಲಿಲ್ಲ.)

"ಹಂಗಾರ ಕೈ ಎತ್ತವಾ," ಎಂದೆ.

"ಹ್ವಾದ ತಿಂಗಳ ಎತ್ತಿದ್ನಿರಿ. 'ನೀರಿಗೇನು? ಹೋಗಿ ಬಾ' ಅಂದ್ರು."

"ಮತ್ತ?"

"ಹೋಗಿ ನೀರ ಕುಡದ ಬಂದ್ನಿ."

೪
ಈಗ ಮತ್ತೆ ಕೈ ಎತ್ತಿದ್ದಾಳೆ. ಬ್ಯಾಗ್ ತೊಡೆಯ ಮೇಲೆಯೇ ಇದೆ. ಸರ್ ಚಾಕ್‌ಪೀಸ್ ಕೆಳಗಿಟ್ಟು ಹೆಸರು ಹೇಳಲು ಬಾಯಿ ತೆರೆದಿದ್ದಾರೆ; ಹೇಳುವ ಮೊದಲೇ ಸಂಗಮೇಶ ತಲೆಯಾಡಿಸುತ್ತಿದ್ದಾನೆ.

ಸರ್ ಬಾಯಲ್ಲಿ ಬಂದ ಹೆಸರು ಪ್ರಜ್ಞಾ ಎಂದರೆ ನಿಮಗೆ ಸಮಾಧಾನ. ಸಂಗಮೇಶ ಎಂದರೆ ಸರ್ ಮೇಲೆ ಸಿಟ್ಟು, ನನ್ನ ಮೇಲೆ ಮೆಚ್ಚುಗೆ. ಎರಡನ್ನೂ ಬರೆದೆ, ಎರಡನ್ನೂ ಅಳಿಸಿದೆ.

ಸರ್ ಆ ಕೈಯನ್ನು ನೋಡಿ, "ಏನ್ ಬೇಕವಾ?" ಎಂದು ಕೇಳಿ, ಉತ್ತರಕ್ಕೆ ಕಾಯುವವರೆಗೆ ನಾನು ಗಂಟೆ ಹೊಡೆಸುವುದಿಲ್ಲ. ಮೋರಟಗಿ ಬಸ್ಸನ್ನೂ ಸ್ಟ್ಯಾಂಡಿನಲ್ಲೇ ನಿಲ್ಲಿಸಿದ್ದೇನೆ. ಕಂಡಕ್ಟರ್ ನನಗೆ ಬೈಯುತ್ತಿದ್ದಾನೆ.

ಬೈಯಲಿ.