ಅಕ್ಕಯಮ್ಮನ ಕಂಪ್ಯೂಟ್ರು

ತೂಬಗೆರೆಯಲ್ಲಿ ಆ ಕಾಲಕ್ಕೆ ಕಂಪ್ಯೂಟರ್ ಅಂದರೆ ಮನುಷ್ಯ. ನಗಬೇಡಿ, ಊಟ ಮಾಡುವ, ಸೀನುವ, ನಮ್ಮ ನಿಮ್ಮಂಥ ಮನುಷ್ಯನೇ. ಬೆಂಗಳೂರಿನ ಕಚೇರಿಯೊಂದರಲ್ಲಿ ಊರೂರಿನ ಮಳೆ ಬೆಳೆಯ ಅಂಕಿಗಳನ್ನು ಕೂಡಿ ಕಳೆಯುವವರಿಗೆ ಸರ್ಕಾರವೇ ಕೊಟ್ಟ ಹುದ್ದೆಯ ಹೆಸರು ಅದು. ಅಕ್ಕಯಮ್ಮನ ಗಂಡ ಆ ಹುದ್ದೆಯಲ್ಲಿದ್ದರು. ಬೆಳಗಿನ ಬಸ್ಸಿಗೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಬೆರಳಿಗೆಲ್ಲ ಇಂಕು ಮೆತ್ತಿಕೊಂಡು ಬರುತ್ತಿದ್ದರು. ಊರಿಗೆ ಊರೇ ಅವರನ್ನು ಕಂಪ್ಯೂಟ್ರಪ್ಪ ಅನ್ನುತ್ತಿತ್ತು.

ಇದರಿಂದ ಹೆಚ್ಚು ಅನುಕೂಲವಾದದ್ದು ಅಕ್ಕಯಮ್ಮನಿಗೆ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವಳ ತಾಯಿ ಮದುವೆಯ ದಿನವೇ ಕಿವಿ ಹಿಂಡಿ ಹೇಳಿದ್ದಳು. ಉಳಿದ ಹೆಂಗಸರು ‘ಅವರು’, ‘ನಮ್ಮ ಮಗೀನಪ್ಪ’ ಎಂದು ತಡಕಾಡುತ್ತಿದ್ದರೆ, ಮಕ್ಕಳಿಲ್ಲದ ಅಕ್ಕಯಮ್ಮ ಠೀವಿಯಿಂದ ‘ನಮ್ಮ ಕಂಪ್ಯೂಟ್ರು’ ಅನ್ನುತ್ತಿದ್ದಳು.

ಅರವತ್ತೊಂಬತ್ತನೇ ಇಸವಿಯಲ್ಲಿ ಅವರು ತೀರಿಕೊಂಡರು. ಕಾಯಬೇಕಾದ ಆಯಸ್ಸೇ ಮುಗಿದರೂ ಅವಳು ಹೆಸರೆತ್ತಲಿಲ್ಲ. ಎತ್ತಿಬಿಟ್ಟರೆ ಅವರು ನಿಜವಾಗಿಯೂ ಹೋಗಿಬಿಡುತ್ತಾರೆಂಬ ಭಯ. ಸಾರಿಗೆ ಉಪ್ಪು ಹಾಕುವಾಗ, “ಕಂಪ್ಯೂಟ್ರೇ, ಇಷ್ಟು ಸಾಕಾ?” ಅನ್ನುವಳು. ಆ ಮನೆಯಲ್ಲಿ ಅವಳಿಗೆ ಮಾತಿಗೆ ಉಳಿದಿದ್ದದ್ದು ಅದೊಂದೇ.

ಎಪ್ಪತ್ತಾರರಲ್ಲಿ, ಮಹಾಲಯ ಅಮಾವಾಸ್ಯೆಗೆ ಮುಂಚೆ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮೈದುನನ ಮಗ ಬೈಲಪ್ಪ ಬಂದ. ಅವಳು ಮಾತಿಗೊಮ್ಮೆ ‘ನಮ್ಮ ಕಂಪ್ಯೂಟ್ರು’ ಅಂದದ್ದು ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ.

“ದೊಡ್ಡಮ್ಮ, ಇನ್ಮೇಲೆ ಹಂಗನ್ಬೇಡ. ಕಂಪ್ಯೂಟರ್ ಅಂದ್ರೆ ಈಗ ಮಿಷನ್ನು. ಬೀರು ಥರ ಸಾಲಾಗಿ ನಿಂತಿರ್ತದೆ. ದೊಡ್ಡಪ್ಪ ತಿಂಗ್ಳೆಲ್ಲಾ ಕೂತು ಮಾಡ್ತಿದ್ದ ಲೆಕ್ಕಾನ ಒಂದು ಗಳಿಗೇಲಿ ಮುಗಿಸ್ಬಿಡ್ತದೆ.”

“ಅದು ಮನುಷ್ಯರ ಹೆಸ್ರು ಕಣಪ್ಪಾ.”

“ಆಗ ಇತ್ತು ದೊಡ್ಡಮ್ಮ. ಈಗ ಹಂಗಂದ್ರೆ ಜನ ನಗ್ತಾರೆ.”

ಹಾಳಾದವನು, ತಂದ ಬಾಳೆಹಣ್ಣು ಕೊಟ್ಟು ಸುಮ್ಮನೆ ಹೋಗಬಾರದಿತ್ತೇ! ಅವತ್ತಿನಿಂದ ಅಕ್ಕಯಮ್ಮನ ಬಾಯಿ ಕಟ್ಟಿಹೋಯಿತು. ಆ ಮಾತು ನಾಲಿಗೆಗೆ ಬರುತ್ತಿದ್ದಂತೆ ಇಂಕಿನ ಬೆರಳುಗಳ ಬದಲು ತಣ್ಣನೆಯ ಕಬ್ಬಿಣದ ಬೀರು ಕಣ್ಣೆದುರು ನಿಲ್ಲುತ್ತಿತ್ತು. ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಯಾರನ್ನೂ ಕೇಳದೆ ಉಂಡಳು.

ಅಮಾವಾಸ್ಯೆ ಬಂತು. ಅವರ ಪಂಚೆ ಮಡಿಸಿಟ್ಟು, ಬಾಳೆಲೆಯ ಮೇಲೆ ಮುದ್ದೆ, ಹುರುಳಿಕಾಳು ಸಾರು, ಕಜ್ಜಾಯ ಬಡಿಸಿ ಧೂಪ ಹಾಕಿದಳು. ಇನ್ನು ಹಿರಿಯರನ್ನು ಊಟಕ್ಕೆ ಕರೆದು, ಅವರು ಉಣ್ಣಲೆಂದು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂರಬೇಕು. ಕರೆಯದಿದ್ದರೆ ಬರುವುದಿಲ್ಲ. ಪ್ರತಿವರ್ಷ ಹೊಸ್ತಿಲಲ್ಲಿ ನಿಂತು, “ಕಂಪ್ಯೂಟ್ರೇ, ಬನ್ನಿ ಊಟಕ್ಕೆ” ಅನ್ನುತ್ತಿದ್ದವಳು ಇವತ್ತು ಬಾಯಿ ತೆರೆದು ಹಾಗೇ ನಿಂತಳು. ಹಂಗೆ ಕರೆದರೆ ಬರುವವರು ಯಾರು? ಸಾರು ಆರುತ್ತಿತ್ತು. ಬಿಸಿಯಿಲ್ಲದಿದ್ದರೆ ಅವರು ಉಣ್ಣುತ್ತಿರಲಿಲ್ಲ. ವರ್ಷಕ್ಕೆ ಬರುವ ಒಂದು ದಿನವೂ ಅವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದೇ?

ಸೆರಗಿನಿಂದ ಮುಖ ಒರೆಸಿಕೊಂಡಳು.

“ವೆಂಕಟರಾಯಪ್ನೋರೇ,” ಎಂದಳು. ಸ್ವರ ಏಳಲಿಲ್ಲ. ಮತ್ತೊಮ್ಮೆ, ಬೀದಿಗೆಲ್ಲ ಕೇಳುವಂತೆ ಕೂಗಿದಳು, “ವೆಂಕಟರಾಯಪ್ನೋರೇ, ಬನ್ನಿ, ಊಟಕ್ಕೆ ಬನ್ನಿ!”

ಪಕ್ಕದ ಮನೆಯ ನರಸಮ್ಮ ಗೋಡೆಯಾಚೆಯಿಂದ ಇಣುಕಿದಳು. ಆ ಬೀದಿಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾಗಿತ್ತು, ಆ ಹೆಸರನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

“ಯಾರಕ್ಕಾ ವೆಂಕಟರಾಯಪ್ಪ ಅಂದ್ರೆ? ನಿಮ್ಮ ತೌರಿನ ಕಡೆಯೋರಾ?”

ಅಕ್ಕಯಮ್ಮ ಬಾಗಿಲು ಮುಂದೆ ಮಾಡಿ ಜಗಲಿಯ ಮೇಲೆ ಕೂತಳು.

“ನನ್ನ ಗಂಡ ಕಣೇ ನರಸಮ್ಮ,” ಎಂದಳು. “ಹೋಗ್ಬಿಟ್ರು.”