ಬೆಣ್ಣೆಯ ಮೇಲೆ ಬೆಳಕಿನ ಅಳತೆ

ನನ್ನ ಮಗ ತೀರಿಕೊಂಡ ಮೇಲೆ ಅವನು ಭೌತಶಾಸ್ತ್ರ ಕಲಿಸುತ್ತಿದ್ದ ತರಗತಿಯನ್ನು ಶಾಲೆಯವರು ಸೊಸೆಗೇ ವಹಿಸಿದರು. ಅವಳೂ ಅದನ್ನೇ ಓದಿದವಳು. ಆದರೂ ಅವನು ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಲು ಅವಳಿಗೆ ಧೈರ್ಯ ಬರಲಿಲ್ಲ. ಪ್ರತಿ ವರ್ಷವೂ ಮೊದಲ ಪಾಠಕ್ಕೆ ಅವನು ನಮ್ಮ ಮೈಕ್ರೋವೇವ್ ಒಲೆಯನ್ನೇ ಹೊತ್ತುಕೊಂಡು ಹೋಗಿ, ಬೆಣ್ಣೆ ಕರಗಿಸಿ, ಬೆಳಕಿನ ವೇಗ ಅಳೆದು ತೋರಿಸುತ್ತಿದ್ದ. ಹಿಂದಿನ ದಿನ ಮನೆಯಲ್ಲಿ ಒಮ್ಮೆ ಮಾಡಿ ನೋಡುತ್ತಿದ್ದ.

"ಇವತ್ತು ಇದು ಬರಲಿಲ್ಲ ಅಂದ್ರೆ ನಾಳೆ ನಾನು ಹೋಗಲ್ಲ ಅತ್ತೆ" ಎಂದಳು ಸೊಸೆ.

ಪಿಂಗಾಣಿ ತಟ್ಟೆಗೆ ತೆಳ್ಳಗೆ ಬೆಣ್ಣೆ ಸವರಿ ಒಲೆಯೊಳಗಿಟ್ಟಳು. ತೆಗೆದಾಗ ಬೆಣ್ಣೆ ಹೆಚ್ಚುಕಡಿಮೆ ಒಂದೇ ಸಮನೆ ಕರಗಿತ್ತು. ಬೇರೆ ಬೆಣ್ಣೆ ಸವರಿ ಮತ್ತೆ ಇಟ್ಟಳು. ಮತ್ತೂ ಹಾಗೆಯೇ.

"ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಕರಗಬೇಕಿತ್ತು. ನನ್ನ ಕೈಗುಣಾನೇ ಸರಿಯಿಲ್ಲ."

"ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಅಲೆದೋರನ್ನ ಕೇಳಿದ್ದೆ ಕಣೇ. ಬೆಳಕಿಗೆ ಅಲೆಯೋರನ್ನ ಈಗಲೇ ನೋಡಿದ್ದು!" ಎಂದೆ.

ಎಷ್ಟೋ ದಿನಗಳ ಮೇಲೆ ಅವಳು ನಕ್ಕಳು.

ಮೂರನೆಯ ಸಲ ಒಲೆ ಗರಗರ ಎನ್ನುವಾಗ ನನಗೆ ಹೊಳೆಯಿತು. ಅವನು ಮಾಡುವಾಗ ಈ ಗರಗರ ಇರುತ್ತಿರಲಿಲ್ಲ. ಒಳಗೆ ತಿರುಗುವ ಗಾಜಿನ ತಟ್ಟೆ ಮಂಚದ ಮೇಲೆ ಬಿದ್ದಿರುತ್ತಿತ್ತು. "ಒಡೆದ್ರೆ ನಿಮ್ಮ ಮಾವ ತಂದುಕೊಡ್ತಾನಾ?" ಎಂದು ಅವನನ್ನು ಬೈಯುತ್ತಿದ್ದೆ.

"ಅವನು ಗಾಜಿನ ತಟ್ಟೆ ತೆಗೆದಿಡ್ತಿದ್ದ ಕಣೇ. ಏನೂ ತಿರುಗ್ತಿರಲಿಲ್ಲ" ಎಂದೆ.

ಸೊಸೆ ಹಣೆ ಚಚ್ಚಿಕೊಂಡಳು. "ಅಯ್ಯೋ! ಒಲೆಯೊಳಗಿನ ಅಲೆ ಅದರ ಗೋಡೆಗೆ ಬಡಿದು ವಾಪಸ್ ಬರುತ್ತೆ. ಹೋಗೋದೂ ಬರೋದೂ ಸೇರಿ ಕೆಲವು ಕಡೆ ಜೋರಾಗುತ್ತೆ, ಕೆಲವು ಕಡೆ ಸತ್ತೇಹೋಗುತ್ತೆ. ಆ ಜಾಗಗಳು ಕದಲಲ್ಲ. ತಟ್ಟೆ ತಿರುಗಿದ್ರೆ ಬೆಣ್ಣೆಗೆಲ್ಲ ಸಮಪಾಲು!"

ಗಾಜಿನ ತಟ್ಟೆ ತೆಗೆದು, ಅಡಿಯಲ್ಲಿ ತಿರುಗುವ ಗೂಟಕ್ಕೆ ತಾಗದಂತೆ ಬಟ್ಟಲೊಂದನ್ನು ಕವುಚಿ, ಅದರ ಮೇಲೆ ಹೊಸದಾಗಿ ಬೆಣ್ಣೆ ಸವರಿದ ತಟ್ಟೆಯಿಟ್ಟಳು. ಸ್ವಲ್ಪ ಹೊತ್ತಿಗೆ ಬೆಣ್ಣೆಯಲ್ಲಿ ಎರಡು ಗುಳಿ ಮಿನುಗಿದವು. ನಡುವೆ ಆರು ಸೆಂಟಿಮೀಟರಿಗೆ ತುಸು ಹೆಚ್ಚು.

"ಇದು ಅರ್ಧ ಅಲೆ ಅತ್ತೆ. ಇದರ ಎರಡರಷ್ಟು ಒಂದು ಅಲೆ. ಸೆಕೆಂಡಿಗೆ ಇನ್ನೂರ ನಲವತ್ತೈದು ಕೋಟಿ ಅಲೆ ಅಂತ ಒಲೆ ಬೆನ್ನ ಮೇಲಿದೆ." ಗುಣಿಸಿದಳು. ಸೆಕೆಂಡಿಗೆ ಹತ್ತಿರ ಹತ್ತಿರ ಮೂರು ಲಕ್ಷ ಕಿಲೋಮೀಟರ್!

"ಇದು ಒಲೆಯ ಅಲೆ. ಬೆಳಕಿನ ವೇಗ ಹೇಗಾಯ್ತೇ?"

"ಎರಡೂ ಒಂದೇ ಕುಲ, ವಿದ್ಯುತ್ಕಾಂತೀಯ ಅಲೆಗಳು. ಬೆಳಕಿನದು ತೀರಾ ಪುಟ್ಟ ಅಲೆ, ಕಾಣುತ್ತೆ. ಇದು ಉದ್ದ, ಕಾಣಲ್ಲ. ಓಟ ಮಾತ್ರ ಒಂದೇ."

ಕಿಟಕಿಯ ಬಿಸಿಲು ಅದೇ ತಟ್ಟೆಯ ಮೇಲೆ ಬಿದ್ದಿತ್ತು. ದಿನವೂ ನಾನು ಕೈಮುಗಿಯುವ ಬೆಳಕು. ಅದರ ಓಟವನ್ನು ದೇವರು ಅಡುಗೆಮನೆಯ ಬೆಣ್ಣೆಯಲ್ಲಿ ಸಿಗುವಂತೆ ಇಟ್ಟಿದ್ದಾನೆ. ಅದನ್ನು ಮಕ್ಕಳಿಗೆ ತೋರಿಸುತ್ತಿದ್ದವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನು.

ಸೊಸೆ ಗಾಜಿನ ತಟ್ಟೆಯನ್ನು ಒರೆಸಿ ಮಂಚದ ಮೇಲಿಟ್ಟಳು.

"ನಾಳೆಗೆ ಇನ್ನಷ್ಟು ಬೆಣ್ಣೆ ಬೇಕು ಅತ್ತೆ. ಅವರ ಕ್ಲಾಸಿನ ಮಕ್ಕಳೂ ಅಳೀಬೇಕಲ್ಲ."

ನಾನು ಬೆಣ್ಣೆಯ ಡಬ್ಬಿ ತೆಗೆದೆ. "ಒಲೆ ಮಾತ್ರ ನೀನೇ ಹೊರು" ಎಂದೆ.